ಅಷ್ಟಭೋಗ ಸಹಿತ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಗಾದೆಯನ್ನು ಹೊಸೆದ ಪುಣ್ಯಾತ್ಮರು ಹಳೆಯ ಮನೆಯನ್ನು ಕೊಂಡವರಲ್ಲವೆಂದು ನನಗೆ ಈಗ ಖಚಿತವಾಗಿದೆ. ಕೊಂಡಿದ್ದರೆ ಗಾದೆಗೆ ಮೂರನೆಯ ತುಂಡೊಂದು ಸೇರಿರುತ್ತಿತ್ತು. ಹೊಸ ಮನೆ ಕಟ್ಟುವವನು ತನ್ನ ಕಷ್ಟವನ್ನು ತಾನು ಪಡುತ್ತಾನೆ, ಅಷ್ಟೆ. ನೂರು ವರ್ಷದ ಮನೆಯನ್ನು ಕೊಳ್ಳುವವನಾದರೋ, ನೂರು ವರ್ಷ ಇತರರು ಮುಂದೂಡಿದ ರಿಪೇರಿಗಳನ್ನೂ ಮುಗಿಸದೆ ಬಿಟ್ಟ ಜಗಳಗಳನ್ನೂ ಬಡ್ಡಿಸಮೇತ ಕೊಳ್ಳುತ್ತಾನೆ.

ಅಂಥ ಒಂದು ಮನೆಯನ್ನು ನಾವು 2023ರಲ್ಲಿ ಮೈಸೂರಿನಲ್ಲಿ ಕೊಂಡೆವು. ಅರಮನೆಯಿಂದ ಕಾಲ್ನಡಿಗೆಯ ದೂರದಲ್ಲಿ, ಅಗ್ರಹಾರದ ಒಂದು ಬೀದಿಯಲ್ಲಿ ಅದು ಇದೆ. ಅಗಲ 22 ಅಡಿ, ಉದ್ದ 90 ಅಡಿ. ಮುಂದೆ ಎರಡು ಜಗಲಿ, ನಡುವೆ ಗಜಲಕ್ಷ್ಮಿಯನ್ನು ಕೆತ್ತಿದ ತೇಗದ ಬಾಗಿಲು, ಒಳಗೆ ನಡುಮನೆ, ಆಮೇಲೆ ನಾಲ್ಕು ಕಂಬದ ತೊಟ್ಟಿ, ಅದರ ಸುತ್ತ ಮಂಗಳೂರು ಹೆಂಚಿನ ಇಳಿಜಾರು, ಹಿಂದೆ ಮದರಾಸು ತಾರಸಿಯ ಎರಡು ಕೋಣೆ, ಅಡುಗೆಮನೆ, ಬಚ್ಚಲು, ಹಿತ್ತಿಲು, ಬಾವಿ. ಎರಡು ಪಕ್ಕದ ಗೋಡೆಗಳೂ ನೆರೆಮನೆಯವರೊಡನೆ ಪಾಲಿನವು. ಈ ಸಾಲುಮನೆಗಳು ಒಂದರ ಹೆಗಲ ಮೇಲೆ ಒಂದು ಕೈಯಿಟ್ಟು ನಿಂತ ಮುದುಕರಂತೆ. ಒಬ್ಬರು ಕೈ ತೆಗೆದರೆ ಇನ್ನೊಬ್ಬರಿಗೆ ತೂಕ ತಪ್ಪುತ್ತದೆ.

ಏಕೆ ಕೊಂಡಿರಿ ಎಂದು ಕೇಳದವರಿಲ್ಲ. ಕಾರಣ ಸರಳವಾದದ್ದು. ಹದಿನೆಂಟು ವರ್ಷ ಬಾಡಿಗೆ ಮನೆಗಳಲ್ಲಿದ್ದೆವು. ಹೊರವರ್ತುಲ ರಸ್ತೆಯ ಆಚೆ ಮೂರು ಕೋಣೆಯ ಫ್ಲಾಟಿಗೆ ಹೇಳಿದ ಬೆಲೆಗಿಂತ ಇದರ ಬೆಲೆ ಹೆಚ್ಚೇನೂ ಇರಲಿಲ್ಲ. ಕಾಲೇಜಿಗೆ ನಡೆದೇ ಹೋಗಬಹುದು. ತೊಟ್ಟಿಯ ಕಟ್ಟೆಯ ಮೇಲೆ ಕುಳಿತಾಗ ಮೇಲೆ ಆಕಾಶದ ಒಂದು ಚೌಕವೂ ಕೆಳಗೆ ಅದರ ತಂಪೂ ನಮ್ಮವಾಗುತ್ತವೆ. ಇಷ್ಟು ಸಾಲದೆ?

ಸಾಲದು ಎಂದು ಬಲ್ಲವರೆಲ್ಲ ಹೇಳಿದರು. ಬ್ಯಾಂಕು ಕಳುಹಿಸಿದ ಮೌಲ್ಯಮಾಪಕರು ಅರ್ಧ ಗಂಟೆ ಸುತ್ತಿ, ಒಂದು ಕಂಬವನ್ನು ಪ್ರೀತಿಯಿಂದ ತಟ್ಟಿ, ವರದಿಯಲ್ಲಿ ಮಾತ್ರ ನಿವೇಶನಕ್ಕೆ ಇಷ್ಟು, ಕಟ್ಟಡಕ್ಕೆ ಸೊನ್ನೆ ಎಂದು ಬರೆದರು. ಸಾಲವೂ ಅದರಂತೆ ನಿವೇಶನದ ಮೇಲಷ್ಟೇ ಬಂದಿತು. ದಲ್ಲಾಳಿ ಇನ್ನೂ ಮುಂದುವರಿದ. “ಸ್ವಾಮಿ, ಕಟ್ಟಡಕ್ಕೆ ಸೊನ್ನೆಯಲ್ಲ, ಕೆಡವುವ ಕೂಲಿ ಬೇರೆ ಕಳೆಯಬೇಕು. ಆದರೆ ಆ ನಾಲ್ಕು ಕಂಬ, ಬಾಗಿಲು ಬೆಂಗಳೂರಿನಲ್ಲಿ ಒಳ್ಳೆಯ ದುಡ್ಡಿಗೆ ಹೋಗುತ್ತವೆ. ರೆಸಾರ್ಟಿನವರು ಹುಡುಕಿಕೊಂಡು ಬರುತ್ತಾರೆ” ಎಂದ. ಮನೆ ನಿಂತಿದ್ದರೆ ಬೆಲೆಯಿಲ್ಲ, ಮುರಿದರೆ ಬೆಲೆಯುಂಟು! ಈ ಅರ್ಥಶಾಸ್ತ್ರ ಕನ್ನಡ ಎಂ.ಎ. ಮಾಡಿದವನ ತಲೆಗೆ ಬೇಗ ಹೋಗುವಂಥದಲ್ಲ.

ಗೆಳೆಯರು ಹೆದರಿಸಿದ್ದು ಬೇರೆ ರೀತಿ. ಅವರ ಹೆದರಿಕೆಯಲ್ಲಿ ಹುರುಳಿತ್ತು. 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡದ್ದನ್ನು ನಮ್ಮ ಊರಿನವರು ಮರೆತಿಲ್ಲ. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿದ್ದಿತು. ದೊಡ್ಡ ಕಟ್ಟಡಗಳ ಗತಿಯೇ ಹೀಗಾದರೆ ಹೆಸರಿಲ್ಲದ ಒಂದು ತೊಟ್ಟಿಮನೆಯ ಪಾಡೇನು? ಯಾದವಗಿರಿಯ ಆರ್. ಕೆ. ನಾರಾಯಣರ ಮನೆಯನ್ನು 2011ರಲ್ಲಿ ಕೆಡವತೊಡಗಿದಾಗ ಗದ್ದಲವೆದ್ದು ಕೆಲಸ ನಿಂತಿತು. ದುರಸ್ತಿಯಾಗಿ, 2016ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಸಂತೋಷದ ವಿಷಯವೇ. ಆದರೆ ನಮ್ಮ ಮನೆಯಲ್ಲಿ ಯಾವ ಕಾದಂಬರಿಕಾರರೂ ಬಾಳಿದವರಲ್ಲ. ಗುಮಾಸ್ತರು, ಮೇಷ್ಟರು, ಅವರ ಹೆಂಡಿರು ಮಕ್ಕಳು ಬಾಳಿದರು. ಅಂಥ ಮನೆ ಬೀಳುವಾಗ ಗದ್ದಲವಾಗುವುದಿಲ್ಲ. ಧೂಳು ಮಾತ್ರ ಏಳುತ್ತದೆ.

ಈಗ ಪತ್ರದ ವಿಷಯಕ್ಕೆ ಬರುತ್ತೇನೆ. ಮನೆಯ ಮೂಲ ಕ್ರಯಪತ್ರ 1911ನೆಯ ಇಸವಿಯದು, ವಿರೋಧಿಕೃತ್ ಸಂವತ್ಸರದ್ದು. ಗೆಳೆಯರ ವಿರೋಧವೆಲ್ಲ ಆ ಹೆಸರಿನಲ್ಲೇ ಮೊದಲು ಸೂಚಿತವಾಗಿತ್ತೆಂದು ಕಾಣುತ್ತದೆ. ಸಂಸ್ಥಾನದ ಛಾಪಾ ಕಾಗದದ ಮೇಲೆ ಒಂದಕ್ಕೊಂದು ಹೆಣೆದುಕೊಂಡ ಬರಹ. ನಮ್ಮ ವಕೀಲರಿಗೆ ಅದು ಓದಲು ಬರಲಿಲ್ಲ. ನಾನು ಓದಿದೆ. ಕನ್ನಡ ಎಂ.ಎ. ಪದವಿಗೆ ಇಷ್ಟು ನೇರವಾದ ಹಣದ ಉಪಯೋಗ ಅದುವರೆಗೆ ಆಗಿರಲಿಲ್ಲ. ಚಕ್ಕುಬಂದಿಯ ವಿವರವಾದ ಮೇಲೆ, “ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯಗಳೆಂಬ ಅಷ್ಟಭೋಗ ಸಹಿತ” ಎಂದಿತ್ತು. ದಾನಶಾಸನಗಳ ಪಾಠದಲ್ಲಿ ವರ್ಷವರ್ಷವೂ ಇದನ್ನು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುತ್ತೇನೆ. ರಾಜರು ಅಗ್ರಹಾರಗಳನ್ನು ಕೊಡುವಾಗ ಬಳಸುತ್ತಿದ್ದ ಮಾತು 22 ಅಡಿ ಅಗಲದ ಮನೆಗೂ ಇಳಿದು ಬಂದಿದೆ. ನಿಧಿ ನಿಕ್ಷೇಪಗಳು ನಮಗೆ ಇನ್ನೂ ಸಿಕ್ಕಿಲ್ಲ. ಅಟ್ಟದಲ್ಲಿ ಮುರಿದ ತೊಟ್ಟಿಲೊಂದು ಸಿಕ್ಕಿತು. ಜಲ ಮಾತ್ರ ಮೊದಲ ದಿನದಿಂದಲೇ ಸಿಕ್ಕಿತು, ಏಳು ಕಡೆ, ಚಾವಣಿಯಿಂದ.

ವಕೀಲರಿಗೆ ಬೇರೆ ಚಿಂತೆ. ಮನೆಯನ್ನು ಮಾರಲು ಬಂದವರು ಇಬ್ಬರು ಅಣ್ಣತಮ್ಮಂದಿರು ಮತ್ತು ತೀರಿಕೊಂಡ ಇನ್ನಿಬ್ಬರು ಸಹೋದರರ ಮಕ್ಕಳು. ವಂಶವೃಕ್ಷವನ್ನು ಬರೆಸುವಾಗ ಅದರ ಮೂಲೆಯಲ್ಲಿ ಒಬ್ಬ ಅಕ್ಕ ಇದ್ದಾರೆಂಬುದು ಗೊತ್ತಾಯಿತು. ಎಂಬತ್ತನಾಲ್ಕು ವರ್ಷ, ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. “ಅವರದೇನಿಲ್ಲ. ಮದುವೆಯಾಗಿ ಹೋದವರು. ಸೀರೆ, ಅರಿಶಿನ ಕುಂಕುಮ ಕೊಟ್ಟು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಬರುತ್ತೇವೆ” ಎಂದರು.

ವಕೀಲರು ಒಪ್ಪಲಿಲ್ಲ. ತಂದೆ 1971ರಲ್ಲಿ ಉಯಿಲು ಬರೆಯದೆ ತೀರಿಕೊಂಡವರು. ಹಾಗೆ ತೀರಿಕೊಂಡವನ ಪಾಲಿನಲ್ಲಿ ಮಗಳಿಗೂ ಹಕ್ಕನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಕೊಟ್ಟಿತ್ತು. 2005ರ ತಿದ್ದುಪಡಿ ಕೂಡುಕುಟುಂಬದ ಆಸ್ತಿಯಲ್ಲಿ ಮಗಳನ್ನು ಹುಟ್ಟಿನಿಂದಲೇ ಮಗನ ಸಮಕ್ಕೆ ತಂದಿತು. ಆ ಹಕ್ಕಿಗೆ 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪು ಕೊಟ್ಟಿತು. “ಯಾವ ದಾರಿಯಿಂದ ಹೋದರೂ ಆಕೆಯ ಸಹಿಯ ಮುಂದೆ ಬಂದು ನಿಲ್ಲುತ್ತೀರಿ. ಆ ಸಹಿ ತಿಳಿದು ಹಾಕಿದ್ದಾಗಿರಬೇಕು” ಎಂದರು ವಕೀಲರು.

ಮಾರುವವರ ಉತ್ತರ ಸಿದ್ಧವಾಗಿತ್ತು. ಆಕೆಗೂ ಪಾಲು ಕೊಡಬೇಕಾದರೆ ಬೆಲೆಯನ್ನು ನಾಲ್ಕು ಲಕ್ಷ ಏರಿಸಿ, ಇಲ್ಲವಾದರೆ ವಸತಿಗೃಹ ಕಟ್ಟುವವರೊಬ್ಬರು ಕಾದಿದ್ದಾರೆ, ಅವರಿಗೆ ಇಂಥ ಸಹಿಗಳ ಮಡಿವಂತಿಕೆಯಿಲ್ಲ ಎಂದರು. ಆ ನಾಲ್ಕು ಲಕ್ಷ ನಾವು ಚಾವಣಿಗೆಂದು ಎತ್ತಿಟ್ಟಿದ್ದ ಹಣ. ಕೊಟ್ಟರೆ ಮನೆ ಸೋರುತ್ತದೆ. ಕೊಡದಿದ್ದರೆ ಮನೆಯೇ ಹೋಗುತ್ತದೆ. ದಲ್ಲಾಳಿ ನನ್ನನ್ನು ಪಕ್ಕಕ್ಕೆ ಕರೆದು, “ಮುದುಕಿಗೆ ಏನು ತಿಳಿಯುತ್ತದೆ ಸ್ವಾಮಿ, ಕಾಗದ ಮುಂದಿಟ್ಟರೆ ಹಾಕುತ್ತಾರೆ” ಎಂದ. ನನ್ನಾಕೆ ಇದನ್ನು ಕೇಳಿಸಿಕೊಂಡಳು. ಅವಳೂ ಒಬ್ಬರ ಮಗಳು, ಮೂವರ ಅಕ್ಕ. “ಮೊದಲು ಆಕೆಯನ್ನು ನೋಡಿಕೊಂಡು ಬರೋಣ. ಮನೆ ಹೋದರೆ ಹೋಗಲಿ” ಎಂದಳು.

ಹೋದೆವು. ಹಗುರವಾದ ದೇಹ, ದಪ್ಪ ಕನ್ನಡಕ, ಸ್ಪಷ್ಟವಾದ ಮಾತು. ದಲ್ಲಾಳಿ ಹೇಳಿದ ಮುದುಕಿ ಇವರಲ್ಲ. ಹುಟ್ಟಿದ್ದು ಆ ಮನೆಯಲ್ಲೇ, 1939ರಲ್ಲಿ. ಮದುವೆಯಾಗಿ ಹೊರಟದ್ದು 1956ರಲ್ಲಿ. ಕಾಯಿದೆ ಹಕ್ಕು ಕೊಟ್ಟ ವರ್ಷವೇ ಅವರು ಮನೆ ಬಿಟ್ಟಿದ್ದರು. ಅವರನ್ನು ಸಂತೋಷಪಡಿಸಬೇಕೆಂದು ನಾನು ತೊಟ್ಟಿಯನ್ನು ವರ್ಣಿಸಿದೆ, ಕಂಬಗಳ ಕೆತ್ತನೆಯನ್ನು ವರ್ಣಿಸಿದೆ, ಇಂಥ ಮನೆಗಳು ಇನ್ನು ಹುಟ್ಟುವುದಿಲ್ಲವೆಂದೆ. ಆಕೆ ಕೊನೆಯವರೆಗೂ ಕೇಳಿದರು.

“ತೊಟ್ಟಿ ಚೆನ್ನಾಗಿತ್ತು, ನಿಜ. ನೋಡುವುದಕ್ಕೆ ಪುರುಸೊತ್ತು ಇದ್ದವರಿಗೆ” ಎಂದರು.

ಆಮೇಲೆ ನನ್ನಾಕೆಯ ಕಡೆಗೆ ತಿರುಗಿ ಹೇಳತೊಡಗಿದರು. ಅಡುಗೆಮನೆಗೆ ಕಿಟಕಿಯಿರಲಿಲ್ಲ, ಮೇಲೆ ಒಂದು ಗವಾಕ್ಷಿ, ಅದೂ ಮಳೆಗಾಲದಲ್ಲಿ ಮುಚ್ಚುತ್ತಿತ್ತು. ಸೌದೆ ಒಲೆ. ಹದಿನಾರು ಜನರ ಊಟ. ತಾಯಿ ನಸುಕಿನಲ್ಲಿ ಒಳಗೆ ಹೋದರೆ ಹೊರಗೆ ಬರುತ್ತಿದ್ದುದು ಗಂಡಸರ ಊಟವಾದ ಮೇಲೆ. ಕಡೆಗೆ ಕಣ್ಣು ಮಸುಕಾಗಿ ಮಕ್ಕಳನ್ನು ಧ್ವನಿಯಿಂದ ಗುರುತಿಸುತ್ತಿದ್ದರಂತೆ. ಹಿಂದಿನ ಸಣ್ಣ ಕೋಣೆಯಲ್ಲಿ ವಿಧವೆಯಾದ ಸೋದರತ್ತೆಯೊಬ್ಬರು ಇದ್ದರು. ಆ ಕೋಣೆಗೆ ಹಿತ್ತಿಲ ಕಡೆ ಮಾತ್ರ ಬಾಗಿಲು, ಮನೆಯೊಳಕ್ಕೆ ಇಲ್ಲ. ತೊಟ್ಟಿಯಲ್ಲಿ ಹಬ್ಬವಾದಾಗ ಆಕೆ ಗೋಡೆಗೆ ಕಿವಿಯಿಟ್ಟು ಹಾಡು ಕೇಳುತ್ತಿದ್ದರಂತೆ. “ನೀವು ಕಂಬದ ಮಾತು ಆಡಿದಿರಿ. ನನಗೆ ಆ ಮನೆ ಅಂದರೆ ಹೊಗೆಯ ವಾಸನೆ” ಎಂದರು ಆಕೆ.

ತರಗತಿಯಲ್ಲಿ ಹಳೆಯದನ್ನು ಹೊಗಳುವುದೇ ನನ್ನ ಕಸುಬು. ಆ ಕೋಣೆಯಲ್ಲಿ ನನಗೆ ಹೊಗಳಿಕೆಯ ಮಾತೊಂದೂ ಬರಲಿಲ್ಲ. ಹಾಗಾದರೆ ಮನೆಯನ್ನು ಕೆಡವಲೇ ಎಂದು ಕೇಳಿದೆ. ಆಕೆ ನಕ್ಕರು. “ಕೆಡವಿ ಏನು ಮಾಡುತ್ತೀರಿ? ಅಲ್ಲೇ ಅಲ್ಲವೆ ನಾವೆಲ್ಲ ಕುಂಟೆಬಿಲ್ಲೆ ಆಡಿದ್ದು? ಉಳಿಸುವುದಾದರೆ ಉಳಿಸಿ. ಅಡುಗೆಮನೆಗೆ ಒಂದು ಕಿಟಕಿ ಇಡಿ” ಎಂದರು. ತಮ್ಮ ಪಾಲಿನ ಮಾತಿಗೆ ಬಂದಾಗ ಧ್ವನಿಯೇನೂ ಬದಲಾಗಲಿಲ್ಲ. “ನನ್ನದು ಎಷ್ಟೋ ಅಷ್ಟು ನನಗೆ ಬರಲಿ. ಹೆಚ್ಚು ಬೇಡ. ಸೀರೆ ನನ್ನ ಹತ್ತಿರ ಬೇಕಾದಷ್ಟಿವೆ.”

ಬೆಲೆಯನ್ನು ನಾವು ಏರಿಸಲಿಲ್ಲ. ಆಕೆಯ ಪಾಲಿಗೆ ಆಕೆಯ ಹೆಸರಿನಲ್ಲೇ ಪ್ರತ್ಯೇಕ ಚೆಕ್ಕು, ಅದರ ಸಂಖ್ಯೆ ಕ್ರಯಪತ್ರದಲ್ಲಿ ನಮೂದಾಗಬೇಕು. ಹೀಗಾದರೆ ಮಾತ್ರ ನಾವು ಕೊಳ್ಳುತ್ತೇವೆ ಎಂದು ತಿಳಿಸಿ ಸುಮ್ಮನಾದೆವು. ಮೂರು ತಿಂಗಳು ಯಾವ ಸುದ್ದಿಯೂ ಇಲ್ಲ. ನಮ್ಮ ಬಾಡಿಗೆ ಮನೆಯ ಕರಾರು ಮುಗಿಯುತ್ತ ಬಂದಿತು. ಸಂಜೆ ನಾನು ಆ ಬೀದಿಯಲ್ಲಿ ಹಾದುಹೋಗುವಾಗ ಬಾಗಿಲಿನ ಗಜಲಕ್ಷ್ಮಿ ಇನ್ನೂ ಇದ್ದಾಳೆಯೆ ಎಂದು ನೋಡುತ್ತಿದ್ದೆ. ನಾಲ್ಕನೆಯ ತಿಂಗಳು ಸಹೋದರರಿಂದ ಫೋನು ಬಂದಿತು. ವಸತಿಗೃಹದವರ ವಕೀಲರೂ ಅದೇ ಸಹಿಯನ್ನು ಕೇಳಿದ್ದರಂತೆ! ನ್ಯಾಯ ಕೆಲವು ವೇಳೆ ಹೀಗೂ ಬರುತ್ತದೆ. ನೋಂದಣಿಯ ದಿನ ಆಕೆ ಮಗಳ ಕೈಹಿಡಿದು ಬಂದು, ಕನ್ನಡಕ ಒರೆಸಿಕೊಂಡು, ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಕಚೇರಿಯವರು ಗಡಿಯಾರ ನೋಡಿಕೊಂಡರು. ಆಕೆ ಅವಸರಪಡಲಿಲ್ಲ.

ಇನ್ನು ರಿಪೇರಿಯ ಕಥೆ. ಮೊದಲು ಬಂದ ಗುತ್ತಿಗೆದಾರ ಇಡೀ ಮನೆಗೆ ಸಿಮೆಂಟು ಬಳಿದು ಎರಡು ತಿಂಗಳಲ್ಲಿ ಮುಗಿಸುತ್ತೇನೆಂದ. ಎರಡನೆಯವನು ಗಾರೆ ಕೆಲಸ ಬಲ್ಲ ಮುದುಕ ಮೇಸ್ತ್ರಿ. ಅವನು ಏನೂ ಮುಗಿಸುತ್ತೇನೆಂದು ಹೇಳಲಿಲ್ಲ. ಗೋಡೆಗೆ ಹಸ್ತವಿಟ್ಟು ನಿಂತು, “ಇದಕ್ಕೆ ಸಿಮೆಂಟು ಹಾಕಿದರೆ ಉಸಿರು ಕಟ್ಟುತ್ತದೆ ಬುದ್ಧಿ” ಎಂದ. ಅವನ ಮಾತಿನಲ್ಲಿ ವಿಜ್ಞಾನವಿದೆ. ಹಳೆಯ ಇಟ್ಟಿಗೆಯ ಗೋಡೆ ನೆಲದಿಂದಲೂ ಮಳೆಯಿಂದಲೂ ನೀರು ಹೀರುತ್ತದೆ. ಸುಣ್ಣದ ಗಾರೆಯ ಮೂಲಕ ಅದು ಮತ್ತೆ ಹೊರಕ್ಕೆ ಆರುತ್ತದೆ. ಮೇಲೆ ಸಿಮೆಂಟಿನ ಪದರ ಬಿದ್ದರೆ ನೀರು ಒಳಗೇ ನಿಂತು ಗೋಡೆಯನ್ನೂ, ಗೋಡೆಯಲ್ಲಿ ಹುದುಗಿರುವ ತೊಲೆಯ ತುದಿಯನ್ನೂ ತಿನ್ನುತ್ತದೆ. “ಮನೆ ಬೀಳೋದು ವಯಸ್ಸಿನಿಂದ ಅಲ್ಲ, ನೀರಿನಿಂದ” ಎಂಬುದು ಅವನ ಸಿದ್ಧಾಂತ.

ಸುಣ್ಣದ ಕೆಲಸ ನೋಡುತ್ತ ನನಗೆ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರು ಹೇಳಿದ ಮಾತು ಮನಸ್ಸಿಗೆ ಬಂದಿತು. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ ಅದರಲ್ಲಿನ ಇಂಗಾಲಾಮ್ಲ ಹಾರಿಹೋಗುತ್ತದೆ. ಸುಟ್ಟದ್ದಕ್ಕೆ ನೀರು ಹಾಕಿದರೆ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ, ಕಳೆದುಕೊಂಡದ್ದನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಅಷ್ಟಭೋಗದ ಪಾಷಾಣ ನಮಗೆ ಒದಗಿದ್ದು ಹೀಗೆ. ಅವಸರ ಮಾಡುವಂತಿಲ್ಲ. ಅಂಗಳದ ಗುಂಡಿಯಲ್ಲಿ ಸುಣ್ಣ ವಾರಗಟ್ಟಲೆ ನೆನೆಯಿತು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು, ಇಟ್ಟಿಗೆಯ ಪುಡಿಯಾದ ಸುರ್ಕಿ ಎಲ್ಲ ಬಂದವು. ಬೆಲ್ಲದ ವಾಸನೆಗೆ ಅಗ್ರಹಾರದ ಇರುವೆಗಳೆಲ್ಲ ಗೃಹಪ್ರವೇಶ ಮಾಡಿದವು. ಹಿಂದೆ ಗಾರೆಯನ್ನು ಎತ್ತಿನ ಗಾಣದಲ್ಲಿ ಅರೆಯುತ್ತಿದ್ದರು. ನಮಗೆ ಎತ್ತು ಎಲ್ಲಿಂದ? ಮೋಟಾರಿನ ಯಂತ್ರ ಬಾಡಿಗೆಗೆ ಬಂದಿತು.

ಮದರಾಸು ತಾರಸಿಯೆಂಬುದು ಸೊಗಸಾದ ಕಲ್ಪನೆ. ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕೂಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣವನ್ನು ಹರಡಿ ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯುತ್ತಾರೆ. ಎಲ್ಲಕ್ಕೂ ಮೇಲೆ ಚಪ್ಪಟೆ ಬಿಲ್ಲೆ. ನಮ್ಮ ಹದಿನಾಲ್ಕು ತೊಲೆಗಳಲ್ಲಿ ಒಂಬತ್ತು ಗಟ್ಟಿಯಾಗಿದ್ದವು. ಇದನ್ನು ಕಂಡುಹಿಡಿದವಳು ನನ್ನಾಕೆ. ಏಣಿ ಹತ್ತಿ, ತೆಂಗಿನಕಾಯಿ ಆರಿಸುವ ಹಾಗೆ ಒಂದೊಂದನ್ನೂ ತಟ್ಟಿ ನೋಡಿ, ಗಟ್ಟಿ, ಟೊಳ್ಳು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಮೇಸ್ತ್ರಿ ಮತ್ತೆ ಉಳಿಯಿಂದ ಚುಚ್ಚಿ ಪರೀಕ್ಷೆ ಮಾಡಿ, ಒಂದರ ಹೊರತು ಎಲ್ಲವೂ ಸರಿಯೆಂದ. ಟೊಳ್ಳಾದವೂ ಇಡಿಯಾಗಿ ಟೊಳ್ಳಾಗಿರಲಿಲ್ಲ. ಗೋಡೆಯೊಳಗಿನ ತುದಿ ಮಾತ್ರ. ತುದಿಯನ್ನು ಕತ್ತರಿಸಿ ಹೊಸ ತೇಗವನ್ನು ಓರೆಯಾಗಿ ಬೆಸೆದರು.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು ಪಶ್ಚಿಮದ ಗೋಡೆ. 1911ರ ಪತ್ರದಲ್ಲಿ ಪಶ್ಚಿಮಕ್ಕೆ ಒಬ್ಬರ ಮನೆಯ ಗೋಡೆಯಿದೆ. ಆ ಮನೆ ಹೋಗಿ ನಾಲ್ಕು ಅಂತಸ್ತಿನ ಹಾಸ್ಟೆಲು ಎದ್ದಿದೆ. ಹೊಸ ಕಟ್ಟಡ ತನ್ನ ಕಂಬಗಳ ಮೇಲೆ ತಾನು ನಿಂತುಕೊಂಡಿತು. ನೂರು ವರ್ಷ ಒಳಗೋಡೆಯಾಗಿದ್ದ ನಮ್ಮ ಗೋಡೆ ದಿಢೀರನೆ ಹೊರಗೋಡೆಯಾಯಿತು. ಎರಡರ ನಡುವೆ ಮುಂಗೈ ಹಿಡಿಸುವಷ್ಟು ಸಂದು. ಮಳೆ ಅದರೊಳಗೆ ಬೀಳುತ್ತದೆ, ಬಿಸಿಲು ಬೀಳುವುದಿಲ್ಲ. ಸಂದಿನ ಮೇಲೆ ತಗಡಿನ ಹೊದಿಕೆ ಹಾಕಲು ಹಾಸ್ಟೆಲಿನ ಮಾಲೀಕರ ಒಪ್ಪಿಗೆ ಪಡೆಯುವುದಕ್ಕೆ ನಾನು ಖರ್ಚು ಮಾಡಿದ ಮಾತುಗಳಲ್ಲಿ ಒಂದು ಸಂಪ್ರಬಂಧವನ್ನೇ ಬರೆಯಬಹುದಿತ್ತು.

ಅಡುಗೆಮನೆಯ ಕಿಟಕಿಯನ್ನು ಮರೆಯಲಿಲ್ಲ. ಹಿತ್ತಿಲ ಕಡೆಯ ಗೋಡೆ ಹದಿನೆಂಟು ಅಂಗುಲ ದಪ್ಪ. ಮೇಲಿನ ಭಾರವೆಲ್ಲ ಅದರ ಮೇಲೆ. ಮೇಸ್ತ್ರಿ ತೊಲೆಗಳಿಗೆ ಆಸರೆ ಕೊಟ್ಟು, ಮೊದಲು ಗೋಡೆಯ ಅರ್ಧ ದಪ್ಪವನ್ನಷ್ಟೇ ಬಿಡಿಸಿ ಕಲ್ಲಿನ ತೊಲೆ ಕೂರಿಸಿದ. ಅದು ಬಿಗಿದ ಮೇಲೆ ಇನ್ನರ್ಧ. ಆಮೇಲೆ ಕೆಳಗಿನ ಇಟ್ಟಿಗೆಗಳನ್ನು ತೆಗೆದ. ಕೊನೆಯ ಇಟ್ಟಿಗೆ ಬಿದ್ದಾಗ ಬೆಳಕು ಒಲೆಯ ಮೂಲೆಯವರೆಗೆ ಬಂದಿತು. ಕರಿಹಿಡಿದ ಗೋಡೆ, ಅದರ ಮೇಲೆ ಯಾರೋ ಹಾಲಿನ ಲೆಕ್ಕಕ್ಕೆ ಗೀಚಿದ ಗೆರೆಗಳು ಕಾಣಿಸಿದವು. ಅಷ್ಟು ಗೋಡೆಯನ್ನು ಸುಣ್ಣ ಬಳಿಯದೆ ಬಿಡಿ ಎಂದು ನನ್ನಾಕೆ ಹೇಳಿದಳು. ಹಿಂದಿನ ಸಣ್ಣ ಕೋಣೆಗೆ ಒಳಗಿನಿಂದ ಬಾಗಿಲು ಒಡೆಸಿದೆವು. ಈಗ ನಮ್ಮ ಮಗಳು ಅಲ್ಲಿ ಓದಿಕೊಳ್ಳುತ್ತಾಳೆ.

ಹಳೆಯದನ್ನು ಉಳಿಸಬೇಕೆನ್ನುವವರು ಸಾಮಾನ್ಯವಾಗಿ ಏನನ್ನೂ ಮುಟ್ಟಬಾರದೆನ್ನುತ್ತಾರೆ. ಬೇಡವೆನ್ನುವವರು ಏನನ್ನೂ ಬಿಡಬಾರದೆನ್ನುತ್ತಾರೆ. ಆ ಮನೆಯಲ್ಲಿ ಹುಟ್ಟಿ, ಅದರ ಹೊಗೆ ಕುಡಿದವರು ಹೇಳಿದ್ದು ಮೂರನೆಯ ಮಾತು. ಕಂಬ ಇರಲಿ, ಕಿಟಕಿ ಬರಲಿ. ಶಾಸನದ ಪಾಠದಲ್ಲಿ ಸಿದ್ಧವೆಂದರೆ ಈಗಾಗಲೇ ಇರುವುದು, ಸಾಧ್ಯವೆಂದರೆ ಮುಂದೆ ಮಾಡಿಕೊಳ್ಳಬಹುದಾದದ್ದು ಎಂದು ಹೇಳಿಕೊಡುತ್ತೇನೆ. ಎರಡನ್ನೂ ಒಂದೇ ಉಸಿರಿನಲ್ಲಿ ಕೊಟ್ಟುಬಿಡುತ್ತಿದ್ದವರು ಜಾಣರು.

ಕಿಟಕಿಯ ಚಿತ್ರವನ್ನು ಮೊಬೈಲಿನಲ್ಲಿ ಬೆಂಗಳೂರಿಗೆ ಕಳುಹಿಸಿದೆವು. ಬಹಳ ಹೊತ್ತು ನೋಡಿದರಂತೆ. “ಸೊಳ್ಳೆಯ ಜಾಲರಿ ಹಾಕಿಸಿದ್ದಾರೆಯೆ ಕೇಳು” ಎಂದರಂತೆ. ಹಾಕಿಸಿರಲಿಲ್ಲ; ಮರುದಿನ ಹಾಕಿಸಿದೆವು.

2024ರ ಮಳೆಗಾಲದಲ್ಲಿ ಏಳು ಪಾತ್ರೆಗಳ ಜಾಗದಲ್ಲಿ ಒಂದು ಪಾತ್ರೆ ಸಾಕಾಯಿತು. ಪೂರ್ವದ ನೆರೆಯವರದು ನಮ್ಮ ಮನೆಯ ಜೊತೆಯ ಮನೆ, ನಡುವೆ ಒಂದೇ ಗೋಡೆ. ಅವರೂ ಮಾರುವ ಯೋಚನೆಯಲ್ಲಿದ್ದರು. ಅದು ಬಿದ್ದಿದ್ದರೆ ನಮ್ಮ ಇನ್ನೊಂದು ಹೆಗಲೂ ಬರಿದಾಗುತ್ತಿತ್ತು. ಒಂದು ಮಳೆಯ ಸಂಜೆ ಅವರು ಬಂದು ನಮ್ಮ ತಾರಸಿಯ ಕೆಳಗೆ ತಲೆಯೆತ್ತಿ ನಿಂತರು, ಕಾಫಿ ಕುಡಿದರು, ಹೋಗುವಾಗ ಮೇಸ್ತ್ರಿಯ ಫೋನ್ ನಂಬರು ಬರೆದುಕೊಂಡರು. ಸಂತೋಷದಿಂದ ಈ ವಿಷಯವನ್ನು ಮೇಸ್ತ್ರಿಗೆ ತಿಳಿಸಿದೆ. ಅವನಿಗೂ ಸಂತೋಷವಾಯಿತು. ಮರುದಿನದಿಂದಲೇ ತನ್ನ ಕೂಲಿಯನ್ನು ದಿನಕ್ಕೆ ನೂರು ರೂಪಾಯಿ ಏರಿಸಿದ.